ರೆಕ್ಕೆಯ ಕೀಲು

ಹೈದರಾಬಾದಿಗೆ ಬಂದ ಹೊಸತರಲ್ಲಿ ನಾವೆಲ್ಲ ತೆಲುಗು ಕಲಿತದ್ದೇ ನಮ್ಮ ಪದಗಳ ನೆಂಟರನ್ನು ಹುಡುಕಿಕೊಂಡು. ‘ಕೀಲು’ ಅಂಥದ್ದೊಂದು ಪದ. ನಮ್ಮ ಕೀಲುನೋವು ಇಲ್ಲಿನ ಆಸ್ಪತ್ರೆಯ ಬೋರ್ಡಿನಲ್ಲಿ ‘ಕೀಳ್ಳ ನೊಪ್ಪುಲು’ ಆಗಿ ಕಾಣಿಸುತ್ತದೆ. 1949ರಲ್ಲಿ ಬಂದ ‘ಕೀಲುಗುರ್ರಂ’ ಸಿನಿಮಾದ ಕುದುರೆಯಂತೂ ಆಕಾಶದಲ್ಲೇ ಹಾರುತ್ತಿತ್ತು. ಈ ಸಲ ಮಾತು ಹಾರುವ ಇನ್ನೊಂದು ವಸ್ತುವಿನ ಕೀಲಿನದು. ಬೇಸಿಗೆ ರಜೆಯಲ್ಲಿ ನಮ್ಮ ಎಷ್ಟೋ ಮನೆಗಳ ಊಟದ ಮೇಜಿನ ಮೇಲೆ ಅರೆಬರೆ ತಯಾರಾಗಿ ಕೂತಿರುವ ರಿಮೋಟ್ ಕಂಟ್ರೋಲ್ ವಿಮಾನದ ಕೀಲು.

ವಿಮಾನವನ್ನು ತಿರುಗಿಸುವುದು ಮೂರು ಬಗೆಯ ಪಟ್ಟಿಗಳು. ರೆಕ್ಕೆಯ ಹಿಂಬದಿಯಲ್ಲಿ ಐಲರಾನ್, ಬಾಲದ ಅಡ್ಡ ರೆಕ್ಕೆಯಲ್ಲಿ ಎಲಿವೇಟರ್, ನೆಟ್ಟಗೆ ನಿಂತ ಬಾಲದಲ್ಲಿ ರಡ್ಡರ್. ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಕಡ್ಡಿ ಅಲುಗಿದರೆ ರಿಸೀವರಿಗೆ ಸುದ್ದಿ, ಅಲ್ಲಿಂದ ಸರ್ವೋ ಮೋಟಾರಿಗೆ, ಅಲ್ಲಿಂದ ತಂತಿಗೆ, ತಂತಿಯಿಂದ ಪಟ್ಟಿಗೆ. ಸಾವಿರಾರು ರೂಪಾಯಿಯ ಈ ಸರಪಳಿಯ ಕೊನೆಯಲ್ಲಿರುವುದು ಅಂಚೆಚೀಟಿಗಿಂತ ಚಿಕ್ಕದಾದ ಕೀಲು. ಅದು ಕಿತ್ತುಬಂದರೆ ಉಳಿದದ್ದೆಲ್ಲ ಎಷ್ಟು ಚೆನ್ನಾಗಿದ್ದರೂ ಉಪಯೋಗವಿಲ್ಲ. ಒಂದೂವರೆ ಕಿಲೋ ತೂಕದ ವಿಮಾನ ಯಾರ ಮಾತೂ ಕೇಳದೆ ಕೆಳಗಿಳಿಯುತ್ತದೆ, ಕೆಳಗೆ ಯಾರಿದ್ದಾರೆಂದು ನೋಡುವುದಿಲ್ಲ.

ಬಾಲ್ಸಾ ಮರದ ವಿಮಾನಕ್ಕೆ ಸಾಮಾನ್ಯವಾಗಿ ಬಳಸುವುದು ತೆಳ್ಳಗಿನ, ನಾರಿನ ಹಾಳೆಯಂಥ ಕೀಲು. ಇದನ್ನು ‘ಸಿಎ ಹಿಂಜ್’ ಅನ್ನುತ್ತಾರೆ. ಸಿಎ ಅಂದರೆ ಸಯನೋಅಕ್ರಿಲೇಟ್, ನಮ್ಮ ಫೆವಿಕ್ವಿಕ್ ಜಾತಿಯ ಅಂಟು. ಹವ್ಯಾಸಿಗಳು ಕೀಲಿಗೆ ಬಳಸುವುದು ಅದರಲ್ಲೂ ನೀರಿನಷ್ಟು ತೆಳುವಾದದ್ದನ್ನು.

ಕೆಲಸ ಹೀಗೆ. ರೆಕ್ಕೆಯ ಅಂಚಿಗೂ ಪಟ್ಟಿಯ ಅಂಚಿಗೂ ನಡುಮಧ್ಯದಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಎರಡನ್ನೂ ಜೋಡಿಸಿ ಹಿಡಿದು, ಕೀಲು ಬರುವ ಜಾಗಗಳನ್ನು ಒಟ್ಟಿಗೇ ಗುರುತು ಮಾಡಿ. ಕಲಿಕೆಯ ವಿಮಾನದ ಪ್ರತಿ ಪಟ್ಟಿಗೆ ಕನಿಷ್ಠ ಮೂರು ಇರಲಿ. ಪಟ್ಟಿಯ ಮುಂದಿನ ಅಂಚನ್ನು ಎರಡೂ ಕಡೆ ಓರೆಯಾಗಿ ಉಜ್ಜಿರಬೇಕು, ಇಲ್ಲವಾದರೆ ಮೇಲೆ ಕೆಳಗೆ ಬಾಗಲು ಜಾಗವಿರುವುದಿಲ್ಲ. ಚೂಪಾದ ಬ್ಲೇಡಿನಿಂದ ಗೆರೆಯ ಮೇಲೆ ಸೀಳು ಮಾಡಿ. ಸೀಳಿನ ಮಧ್ಯದಲ್ಲಿ ಸಣ್ಣ ಡ್ರಿಲ್ಲಿನಿಂದ ಒಂದು ತೂತು ಕೊರೆದರೆ ಅಂಟು ಒಳಗಿನ ತನಕ ಇಳಿಯುತ್ತದೆ. ಮೇಲೆ ಬಣ್ಣದ ಫಿಲ್ಮ್ ಹೊದಿಸಿದ್ದರೆ ಸೀಳಿನ ಬಾಯಲ್ಲಿ ಅದನ್ನು ಕತ್ತರಿಸಿ ತೆಗೆಯಿರಿ. ಅಂಟು ಹಿಡಿಯಬೇಕಾದ್ದು ಮರವನ್ನು.

ಕೀಲಿನ ಮಧ್ಯಕ್ಕೆ ಗುಂಡುಸೂಜಿ ಚುಚ್ಚಿ, ಅಂಟು ಹಾಕದೆ ಅರ್ಧ ಭಾಗವನ್ನು ರೆಕ್ಕೆಯೊಳಗೆ, ಉಳಿದರ್ಧವನ್ನು ಪಟ್ಟಿಯೊಳಗೆ ತೂರಿಸಿ. ಸೂಜಿ ಇರುವುದರಿಂದ ಕೀಲು ಒಂದೇ ಕಡೆಗೆ ಜಾರಿಹೋಗುವುದಿಲ್ಲ. ಆಮೇಲೆ ಸೂಜಿ ತೆಗೆದು ಪಟ್ಟಿಯನ್ನು ಒತ್ತಿ ಕೂರಿಸಿ, ಪೂರ್ತಿ ಬಾಗಿಸಿ ನೋಡಿ. ಸಲೀಸಾಗಿ ಬಾಗುವಷ್ಟು, ಒಂದು ದಪ್ಪ ಕಾಗದದಷ್ಟು ಸಂದು ಉಳಿದರೆ ಸಾಕು. ಪಟ್ಟಿಯನ್ನು ಬಾಗಿಸಿಯೇ ಹಿಡಿದು ಕೀಲಿನ ಮೇಲೆ ಐದಾರು ಹನಿ ಅಂಟು ಬಿಡಿ. ಅದು ಬತ್ತಿ ಎಣ್ಣೆ ಹೀರಿದ ಹಾಗೆ ಒಳಗೆ ಹೋಗುತ್ತದೆ. ತಿರುಗಿಸಿ ಇನ್ನೊಂದು ಬದಿಗೂ ಅಷ್ಟೇ ಹನಿ. ಬೇಗ ಗಟ್ಟಿಯಾಗಲೆಂದು ಸ್ಪ್ರೇ ಹೊಡೆಯಬೇಡಿ. ಅಂಟು ಒಳಗಿಳಿಯುವ ಮೊದಲೇ ಬಾಯಲ್ಲೇ ಕಲ್ಲಾಗುತ್ತದೆ. ಈ ಅಂಟು ಗಟ್ಟಿಯಾಗುವುದು ಗಾಳಿಯ ತೇವದಿಂದ. ಹಾಗಾಗಿ ನಮ್ಮ ಏಪ್ರಿಲ್, ಮೇ ತಿಂಗಳ ಒಣ ಬಿಸಿಲಿನಲ್ಲಿ ತಾಳ್ಮೆ ಸ್ವಲ್ಪ ಜಾಸ್ತಿ ಬೇಕು. ಕಿಟಕಿ ತೆರೆದಿಡಿ, ಕಣ್ಣಿಗೆ ಕನ್ನಡಕ ಹಾಕಿ. ಚಿಕ್ಕ ಮಕ್ಕಳಿದ್ದರೆ ಅಂಟಿನ ಬಾಟಲಿ ದೊಡ್ಡವರ ಕೈಯಲ್ಲಿರಲಿ.

ಪಿನ್ ಇರುವ ಪ್ಲಾಸ್ಟಿಕ್ ಕೀಲಾದರೆ ಎಪಾಕ್ಸಿ ಅಂಟು. ಅದು ತಿರುಗುವ ಜಾಗಕ್ಕೆ ಸೇರದಂತೆ ಮೊದಲೇ ತುಸು ವ್ಯಾಸಲೀನ್ ಸವರುತ್ತಾರೆ. ಇಲ್ಲಿ ಬಡಗಿಯ ನಿಯಮವೇ ನಿಯಮ: ಮೂರು ಕೀಲೂ ಒಂದೇ ಗೆರೆಯಲ್ಲಿರಬೇಕು. ಒಂದು ಸೊಟ್ಟಗಾದರೆ ಬಾಗಿಲು ಬಿಗಿಯುವಂತೆ ಪಟ್ಟಿಯೂ ಬಿಗಿಯುತ್ತದೆ, ಸರ್ವೋ ಏದುಸಿರು ಬಿಡುತ್ತದೆ, ಬ್ಯಾಟರಿ ಬೇಗ ಬರಿದಾಗುತ್ತದೆ. ಥರ್ಮೋಕೋಲ್ ಅಥವಾ ಫೋಮ್ ಶೀಟಿನ ವಿಮಾನಕ್ಕೆ ಟೇಪೇ ಕೀಲು. ಆದರೆ ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ವಿಮಾನ ಬಿಟ್ಟಿದ್ದರೆ ಟೇಪಿನ ಅಂಟು ಸಡಿಲವಾಗಿರಬಹುದು. ಹಾರಿಸುವ ಮುನ್ನ ಅಂಚು ಎದ್ದಿದೆಯೇ ಎಂದು ಬೆರಳಾಡಿಸಿ ನೋಡಿ.

ಕೀಲು ಸಡಿಲವಾದರೆ ಏನಾಗುತ್ತದೆ? ವೇಗ ಏರಿದಾಗ ಪಟ್ಟಿ ಗಾಳಿಗೆ ಸಿಕ್ಕ ಬಾವುಟದಂತೆ ಪಟಪಟ ಬಡಿದುಕೊಳ್ಳತೊಡಗುತ್ತದೆ. ಇದಕ್ಕೆ ‘ಫ್ಲಟರ್’ ಎಂದು ಹೆಸರು. ಕೆಲವೇ ಕ್ಷಣಗಳಲ್ಲಿ ಬಾಲವೇ ಮುರಿಯಬಹುದು. ದೊಡ್ಡ ವಿಮಾನಗಳೂ ಇದನ್ನು ಕಂಡಿವೆ. 1916ರಲ್ಲಿ ಬ್ರಿಟನ್ನಿನ ಹ್ಯಾಂಡ್ಲಿ ಪೇಜ್ ಬಾಂಬರಿನ ಬಾಲ ಹಾರಾಟದಲ್ಲಿ ಜೋರಾಗಿ ನಡುಗಿದಾಗ ಕಾರಣ ಹುಡುಕಿದವರು ಫ್ರೆಡರಿಕ್ ಲ್ಯಾಂಚೆಸ್ಟರ್. ಎಡ, ಬಲದ ಎಲಿವೇಟರುಗಳು ಒಂದಕ್ಕೊಂದು ಎದುರಾಗಿ ಬಡಿದಾಡುತ್ತಿದ್ದವು. ಎರಡನ್ನೂ ಗಟ್ಟಿ ಕೊಳವೆಯಿಂದ ಬೆಸೆಯುವುದೇ ಪರಿಹಾರವಾಯಿತು. ನಮ್ಮ ಪುಟ್ಟ ವಿಮಾನದ ಎರಡು ಎಲಿವೇಟರುಗಳನ್ನು ಸೇರಿಸುವ ಉಕ್ಕಿನ ತಂತಿಯ ಕೆಲಸವೂ ಅದೇ.

ಇನ್ನು ಹಾರಿಸುವ ಜಾಗ. ನಮ್ಮ ಊರಿನ ಆಕಾಶ ಖಾಲಿ ಇಲ್ಲ. ದುಂಡಿಗಲ್‌ನಲ್ಲಿ ವಾಯುಪಡೆಯ ಅಕಾಡೆಮಿ, ಹಕೀಂಪೇಟೆಯಲ್ಲಿ ವಾಯುನೆಲೆ, ಬೇಗಂಪೇಟೆಯಲ್ಲಿ ಹಳೆಯ ನಿಲ್ದಾಣ, 2008ರಿಂದ ಶಂಷಾಬಾದಿನಲ್ಲಿ ಹೊಸದು. 2021ರ ಡ್ರೋನ್ ನಿಯಮಗಳಲ್ಲಿ ಮಾದರಿ ವಿಮಾನಗಳೂ ಸೇರಿವೆ. ಕಣ್ಣಳತೆ ಮೀರಿ ಹಾರಿಸುವಂತಿಲ್ಲ. ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನಿಮ್ಮ ಮೈದಾನ ಕೆಂಪೋ ಹಳದಿಯೋ ಹಸಿರೋ ಎಂದು ನೋಡಿಕೊಂಡೇ ಹೊರಡಿ. ಹಸಿರಾದರೂ ಆಟವಾಡುವ ಮಕ್ಕಳ ತಲೆಯ ಮೇಲೆ ಬೇಡ. ಸಂಕ್ರಾಂತಿಯ ದಿನಗಳಲ್ಲಂತೂ ಆಕಾಶವನ್ನು ಧೂಲ್‌ಪೇಟೆಯ ಗಾಳಿಪಟಗಳಿಗೇ ಬಿಟ್ಟುಬಿಡಿ.

ಕೊನೆಯ ಪರೀಕ್ಷೆಗೆ ಯಂತ್ರ ಬೇಡ. ಅಂಟು ಪೂರ್ತಿ ಗಟ್ಟಿಯಾದ ಮೇಲೆ ಪ್ರತಿ ಕೀಲಿನ ಪಕ್ಕ ಪಟ್ಟಿಯನ್ನು ಬೆರಳುಗಳಲ್ಲಿ ಹಿಡಿದು ಎಳೆಯಿರಿ. ಅಂದವಾಗಿ ಬಂದದ್ದನ್ನು ಎಳೆಯಲು ಮನಸ್ಸು ಬರುವುದಿಲ್ಲ, ಆದರೂ ಎಳೆಯಿರಿ. ಮೇಜಿನ ಮೇಲೆ ಕಿತ್ತುಬಂದರೆ ಇನ್ನೊಂದು ಸಂಜೆಯ ಕೆಲಸ, ಅಷ್ಟೇ. ವಿಮಾನ ಕಟ್ಟಿದ ಮಗನಿಗೋ ಮಗಳಿಗೋ ಈ ಎಳೆಯುವ ಕೆಲಸವನ್ನು ಒಪ್ಪಿಸಿ, ಪ್ರತಿ ಹಾರಾಟಕ್ಕೂ ಮುಂಚೆ. ಬೋಲ್ಟು ಬಿಗಿಯಾಗಿದೆಯೇ ಎಂದು ಎರಡು ಸಲ ನೋಡುವ ಅಭ್ಯಾಸ ಮುಂದೆ ಅವರು ಯಾವ ಕೆಲಸಕ್ಕೆ ಹೋದರೂ ಬೇಕಾಗುತ್ತದೆ.