ಚಿತ್ರಮಂಜರಿ ನೋಡಿದೋರು ಯಾರು, ಕೇಳಿಸ್ಕೊಂಡೋರು ಯಾರು?

ಹೋದ ತಿಂಗಳು ಯಲಹಂಕ ನ್ಯೂ ಟೌನಿನಲ್ಲಿ ನಮ್ಮ ನಾದಿನಿ ಮನೆ ಗೃಹಪ್ರವೇಶಕ್ಕೆ ನೀವೆಲ್ಲ ಬಂದಿದ್ರಲ್ಲ, ಊಟ ಮುಗಿಸಿ ಎಲೆಅಡಿಕೆ ಹಾಕ್ಕೊಂಡು ಕೂತಿದ್ದಾಗ ನಾನು ಸ್ವಲ್ಪ ಜೋರಾಗಿಯೇ ಮಾತಾಡಿಬಿಟ್ಟೆ. "ಇವ್ಳಿಗೇನಾಯ್ತು ಇವತ್ತು" ಅಂತ ಆಮೇಲೆ ಫೋನಿನಲ್ಲಿ ಚರ್ಚೆ ಆಯ್ತಂತೆ. ಏನಾಯ್ತು ಅಂತ ಪೂರ್ತಿ ಹೇಳ್ತೀನಿ. ಬಯ್ಯೋದಿದ್ರೆ ಓದಿದ ಮೇಲೆ ಬಯ್ರಿ.

ನಾದಿನಿ ಮಗಳಿಗೆ ಹದಿನೈದು ವರ್ಷ. "ಒಂದು ಹಾಡು ಹೇಳಮ್ಮ" ಅಂತ ನೀವೇ ಒತ್ತಾಯ ಮಾಡಿದ್ರಿ. ಪಾಪ, ಫೋನಿನಲ್ಲಿ ಕರೋಕೆ ಹಾಕ್ಕೊಂಡು ಒಂದು ಹೊಸ ಸಿನಿಮಾದ ಹಾಡು ಶುರು ಮಾಡಿದ್ಳು. ಒಂದು ಚರಣ ಮುಗಿಯೋ ಮೊದಲೇ ನಮ್ಮ ಭಾವನವರು, "ನಿಮ್ಮ ಕಾಲದಲ್ಲಿ ಹಾಡೆಲ್ಲಿದೆ, ಬರೀ ಗಲಾಟೆ. ನಮ್ಮ ಕಾಲದ ಚಿತ್ರಮಂಜರಿ ಏನು, ಎಸ್ಪಿಬಿ ಏನು! ಆ ಟಿವಿನೇ ಟಿವಿ" ಅಂದ್ರು. ಎಲ್ಲರೂ ಹೂಂ ಅಂದ್ರಿ. ಹುಡುಗಿ ಹಾಡು ನಿಲ್ಲಿಸಿ ಮಹಡಿ ಮೇಲಕ್ಕೆ ಹೋದ್ಳು. ಹೋಳಿಗೆ ತಿನ್ನಕ್ಕೂ ಕೆಳಗೆ ಬರ್ಲಿಲ್ಲ.

ಹೂಂ ಅಂದೋರಲ್ಲಿ ಅರ್ಧಕ್ಕರ್ಧ ಹೆಂಗಸರು. ಅದನ್ನ ನನ್ನಿಂದ ತಡ್ಕೊಳ್ಳಕ್ಕಾಗ್ಲಿಲ್ಲ.

ಏನ್ರಮ್ಮ, ದೇವರ ಮುಂದೆ ನಿಂತು ಹೇಳಿ, ನಮ್ಮಲ್ಲಿ ಎಷ್ಟು ಜನ ಚಿತ್ರಮಂಜರಿನ ಕೂತ್ಕೊಂಡು, ಮೊದಲಿಂದ ಕೊನೇ ತನಕ ನೋಡಿದ್ದೀವಿ? ಬೆಂಗಳೂರು ದೂರದರ್ಶನದಲ್ಲಿ ಅದು ಬರ್ತಿದ್ದಿದ್ದು ಸಂಜೆ, ಸರಿಯಾಗಿ ಅಡುಗೆ ಹೊತ್ತಿಗೆ. ನಾನು ಮದುವೆಯಾಗಿ ಆರ್.ಟಿ. ನಗರದ ಮನೆಗೆ ಬಂದಾಗ ನಮ್ಮ ತಾರಸಿ ಮೇಲೆ ನಿಂತ್ರೆ ಜೆ.ಸಿ. ನಗರದ ಟಿವಿ ಟವರ್ ಕಾಣ್ತಿತ್ತು. ಅಷ್ಟು ಹತ್ತಿರ. ಚಿತ್ರ ಅಲುಗಾಡ್ತಾನೇ ಇರ್ಲಿಲ್ಲ, ಆಂಟೆನಾ ತಿರುಗಿಸೋ ಕೆಲಸನೂ ಇಲ್ಲ. ಆದ್ರೆ ಆ ಟವರಿನಿಂದ ನಮ್ಮ ಹಾಲಿನ ತನಕ ಬಂದ ಹಾಡು, ಹಾಲಿನಿಂದ ಅಡುಗೆಮನೆಗೆ ಬರೋ ಅಷ್ಟರಲ್ಲಿ ಬರೀ ಸದ್ದಾಗಿಬಿಡ್ತಿತ್ತು. ಮಾವನವರಿಗೆ ಎಂಟು ಗಂಟೆಗೆ ತಟ್ಟೆ ಬೀಳ್ಬೇಕು. ಕುಕ್ಕರ್ ಒಂದು ಕಡೆ, ಒಗ್ಗರಣೆ ಒಂದು ಕಡೆ. "ಬಾರೇ, ರಾಜ್‌ಕುಮಾರ್ ಹಾಡು ಬಂತು" ಅಂತ ಹಾಲಿನಿಂದ ಕೂಗೋರು. ನಮ್ಮತ್ತೆಯವರು ಒದ್ದೆ ಕೈ ಸೆರಗಿಗೆ ಒರೆಸ್ಕೊಂಡು ಹೊಸ್ತಿಲ ತನಕ ಬರೋರು, ಚೌಕಟ್ಟು ಹಿಡ್ಕೊಂಡು ಅರ್ಧ ಪಲ್ಲವಿ ನೋಡೋರು. ಅಷ್ಟರಲ್ಲಿ ಕುಕ್ಕರ್ ಕೂಗೋದು. ಅವರ ಟಿವಿ ಸೀಟು ಅಂದ್ರೆ ಆ ಹೊಸ್ತಿಲೇ. ಮೂವತ್ತು ವರ್ಷ ಅಲ್ಲೇ ನಿಂತಿದ್ದಾರೆ.

"ಆದ್ರೆ ಎಲ್ಲರೂ ಒಟ್ಟಿಗೆ ಕೂತು ನೋಡ್ತಿದ್ವಿ ಅಲ್ವಾ" ಅಂತ ನನ್ನ ಓರಗಿತ್ತಿ ಅಕ್ಕ ಅಂದ್ರು. ಹೌದಕ್ಕ, ಕೂತಿದ್ದೋರು ಒಟ್ಟಿಗೇ ಕೂತಿದ್ರು. ನಮ್ಮ ತವರು ಯಶವಂತಪುರದ ವಠಾರದಲ್ಲೂ ಹಾಗೇ. ಹನ್ನೊಂದು ಮನೆಗೆ ಒಂದು ಟಿವಿ, ಅದೂ ಓನರ್ ಮನೇಲಿ. ಮರದ ಪೆಟ್ಟಿಗೆ, ಎಳೆಯೋ ಬಾಗಿಲು, ಮೇಲೆ ಕ್ರೋಶಾ ಹೊದಿಕೆ. ಬುಧವಾರ ಚಿತ್ರಹಾರ್ ಅಂದ್ರೆ ನಮಗೆ ಹಬ್ಬ, ಹಿಂದಿ ಒಂದಕ್ಷರ ಬರ್ತಿರ್ಲಿಲ್ಲ. ಒಂದಿಂಚು ಹೊಲ ಇಲ್ದೇ ಇರೋ ನಾವು ರೈತರ ಕಾರ್ಯಕ್ರಮವನ್ನೂ ಬಿಡದೆ ನೋಡ್ತಿದ್ವಿ, ಯಾವ ಬೆಳೆಗೆ ಯಾವ ಗೊಬ್ಬರ ಅಂತ ನನಗೀಗ್ಲೂ ನೆನಪಿದೆ! ಆದ್ರೆ ಬಾಡಿಗೆ ಮನೆ ಮಕ್ಕಳು ಕೂರ್ಬೇಕಾಗಿದ್ದು ಹೊಸ್ತಿಲಿನ ಈಚೆ. ಅವರ ಮನೆಗೆ ನೆಂಟರು ಬಂದ ದಿನ ಬಾಗಿಲು ಹಾಕೋರು, ನಾವು ಕಿಟಕಿ ಸರಳು ಹಿಡ್ಕೊಂಡು ನೋಡ್ತಿದ್ವಿ. ಪಾತ್ರೆ ತೊಳೆಯೋಕೆ ಬರ್ತಿದ್ದ ಅಮ್ಮನ ಮಗಳಿಗೆ ಕಿಟಕೀನೂ ಇಲ್ಲ. ಅವ್ಳು ನಮ್ಮ ಬೆನ್ನ ಹಿಂದೆ ನಿಂತು "ಈಗ ಯಾರು ಬಂದ್ರು, ಏನ್ಮಾಡ್ತಿದ್ದಾರೆ" ಅಂತ ಕೇಳ್ತಿದ್ಳು, ನಾನು ಹೇಳ್ತಿದ್ದೆ. ನಮ್ಮಮ್ಮ "ಮರ್ಯಾದೆ ಇಲ್ವಾ, ಹೋಗ್ಬೇಡಿ" ಅನ್ನೋರು. ಆದ್ರೂ ಹೋಗ್ತಿದ್ವಿ. ಆ ಕಾಲ ಚೆನ್ನಾಗಿತ್ತು ಅನ್ನೋರು ಆ ಕಾಲದಲ್ಲಿ ತಾವು ಎಲ್ಲಿ ಕೂತಿದ್ವಿ ಅನ್ನೋದನ್ನೂ ಸ್ವಲ್ಪ ನೆನಪಿಸ್ಕೊಳ್ಳಿ.

ಇನ್ನು ಹಾಡಿನ ವಿಷಯ. ಹಸಿವು ರುಚಿ ಅರಿಯದು ಅಂತಾರಲ್ಲ, ವಾರಕ್ಕೊಂದು ಸಲ ಸಿಕ್ಕಿದ್ರೆ ಎಲ್ಲವೂ ಅಮೃತವೇ. 1994ರಲ್ಲಿ ಉದಯ ಟಿವಿ ಬಂತು, ಕೇಬಲ್ ಬಂತು, ದಿನಾಪೂರ್ತಿ ಹಾಡು ಸುರಿಯಕ್ಕೆ ಶುರುವಾಯ್ತು. ಆಗ ಇದೇ ಭಾವನವರ ವಾರಿಗೆಯೋರು "ಛೆ, ಹಾಡಿನ ಬೆಲೆಯೇ ಹೋಯ್ತು" ಅಂತ ಗೊಣಗಿದ್ದು ನಾನೇ ಕೇಳಿದ್ದೀನಿ. ಈಗ ಆ ವರ್ಷಗಳೂ ಚಿನ್ನದ ಕಾಲದ ಲೆಕ್ಕಕ್ಕೆ ಸೇರ್ಕೊಂಡಿವೆ. ಇನ್ನಿಪ್ಪತ್ತು ವರ್ಷಕ್ಕೆ ಈ ಹುಡುಗಿಯ ಕರೋಕೆಯೂ ಸೇರುತ್ತೆ ಬಿಡಿ.

ಎಸ್ಪಿಬಿ ವಿಷಯದಲ್ಲಿ ಮಾತ್ರ ನಾನು ಸೋಲ್ತೀನಿ, ಒಪ್ಕೊಳ್ತೀನಿ. ಈಟಿವಿ ಕನ್ನಡದ ಎದೆ ತುಂಬಿ ಹಾಡುವೆನು ಬರ್ತಿದ್ದಾಗ ನನ್ನ ಮಗಳು ಚಿಕ್ಕವಳು. ಅವಳಿಗೆ ತುತ್ತು ಹಾಕೋ ನೆಪದಲ್ಲಿ ನನಗೆ ಹಾಲಿನಲ್ಲಿ ಕೂರಕ್ಕೆ ಪರವಾನಗಿ ಸಿಕ್ಕಿತ್ತು. ಮಗು ಹಾಡಿ ಮುಗಿಸಿದ ಮೇಲೆ ಆ ಮನುಷ್ಯ ಏನ್ಮಾಡ್ತಿದ್ರು? ಈ ಹಾಡು ಬರೆದೋರು ಯಾರು, ರಾಗ ಹಾಕಿದೋರು ಯಾರು, ರೆಕಾರ್ಡಿಂಗ್‌ನಲ್ಲಿ ಏನಾಯ್ತು ಅಂತ ಕತೆ ಹೇಳೋರು. ತಪ್ಪಾಗಿದ್ರೆ ಆ ಸಾಲನ್ನ ತಾವೇ ಒಂದ್ಸಲ ಹಾಡಿ ತೋರಿಸೋರು, ಮಗು ಮುಖ ಬಾಡದ ಹಾಗೆ. ಸಾವಿರಾರು ಹಾಡು ಹಾಡಿದ ಮನುಷ್ಯ, ತಾನು ಹಾಡಿದ ಹಾಡಿಗೂ ಕ್ರೆಡಿಟ್ಟನ್ನ ಬರೆದೋರಿಗೆ ಕೊಡೋರು. 2020ರ ಸೆಪ್ಟೆಂಬರ್ 25ಕ್ಕೆ ಅವರು ಹೋದಾಗ ನಾನು ಬೇಳೆ ಆರಿಸ್ತಾ ಕೂತು ಅತ್ತಿದ್ದು ಸುಳ್ಳಲ್ಲ. ಈಗಿನ ಕೆಲವು ಶೋಗಳಲ್ಲಿ ಹಾಡಿಗಿಂತ ಕಣ್ಣೀರೇ ಜಾಸ್ತಿ, ಮಗು ಹಾಡ್ತಿದ್ರೆ ಕ್ಯಾಮರಾ ಹೋಗಿ ಅದರ ಅಮ್ಮನ ಹರಕು ಮನೆ ತೋರಿಸುತ್ತೆ. ಬಡತನಕ್ಕೂ ಮಾರ್ಕ್ಸ್ ಬೀಳುತ್ತೇನೋ ಅನ್ನಿಸುತ್ತೆ. ಇದನ್ನ ನಾನೂ ಬಯ್ತೀನಿ.

ಆದ್ರೆ ಒಂದು ಪ್ರಶ್ನೆ. ಎಸ್ಪಿಬಿನ ನೆನೆಸ್ಕೊಂಡು ಕಣ್ಣೊರೆಸ್ಕೊಳ್ಳೋರು, ಅವರು ಮಕ್ಕಳ ಹತ್ರ ಹೇಗೆ ಮಾತಾಡ್ತಿದ್ರು ಅನ್ನೋದನ್ನ ಮಾತ್ರ ಯಾಕೆ ಮರೀತೀರಿ? ನಮ್ಮ ಹುಡುಗಿ ಹಾಡು ನಿಲ್ಲಿಸಿ ಮೇಲಕ್ಕೆ ಹೋಗಿದ್ದು ಆ ಮಹಾನುಭಾವರ ಹೆಸರು ಹೇಳಿಯೇ ಅಲ್ವಾ! ಅವರಿದ್ದಿದ್ರೆ ಹಾಗೆ ಮಾಡ್ತಿದ್ರಾ?

ಇನ್ನೊಂದು. ದೂರದರ್ಶನ ಸತ್ತುಹೋಯ್ತು ಅನ್ನೋ ಹಾಗೆ ಮಾತಾಡ್ತೀರಲ್ಲ, ಚಂದನ ಇವತ್ತೂ ಬರ್ತಾ ಇದೆ ಕಣ್ರೀ. 2002ರಲ್ಲಿ ಶುರುವಾದ ಥಟ್ ಅಂತ ಹೇಳಿ ಸಾವಿರಾರು ಕಂತು ದಾಟಿದೆ. ಡಾ. ನಾ. ಸೋಮೇಶ್ವರ ಅವರು ಅದೇ ನಗುಮುಖದಲ್ಲಿ ಪ್ರಶ್ನೆ ಕೇಳಿ, ಸರಿ ಉತ್ತರಕ್ಕೆ ಪುಸ್ತಕ ಕೊಡ್ತಾ ಬಂದ್ರು. ನಿಮ್ಮ ಮನೆ ಟಿವಿಯಲ್ಲಿ ಚಂದನ ಎಷ್ಟನೇ ನಂಬರ್, ಹೇಳಿ ನೋಡೋಣ. ಭಾವನವರನ್ನ ಅವತ್ತೇ ಕೇಳಿದೆ. ಉತ್ತರ ಬರ್ಲಿಲ್ಲ, ಕಾಫಿ ಕೇಳಿದ್ರು.

ಅಷ್ಟು ಹೊತ್ತಿಗೆ ನಮ್ಮತ್ತೆಯವರು ಬಾಯಿಬಿಟ್ರು. ಎಂಬತ್ತು ವರ್ಷ ಅವರಿಗೆ. ನಾನು ಮನೆಗೆ ಬಂದಾಗಿಂದ ಒಂದು ದಿನ ನಾಲ್ಕು ಜನರ ಮುಂದೆ ಹಾಡಿದ್ದು ಕಂಡಿಲ್ಲ. "ಆ ಮಗೂನ ಕರೀರಿ" ಅಂದ್ರು. ಅವಳು ಬಂದ್ಳು, ಮುಖ ಕೆಂಪಗಿತ್ತು. ಅಜ್ಜಿ ಅವಳ ಕೈ ಹಿಡ್ಕೊಂಡು ಜಾನಕಮ್ಮನ ಹಳೇ ಹಾಡೊಂದನ್ನ ಪೂರ್ತಿ ಹಾಡಿದ್ರು. ಮೂರು ಚರಣ, ನಡುವೆ ಬರೋ ಪಿಟೀಲಿನ ಬಿಟ್ಟನ್ನೂ ಬಾಯಲ್ಲೇ ಎಳೆದ್ರು. ಹಾಲ್ ಗಪ್‌ಚುಪ್. "ಎಲ್ಲಿ ಕಲ್ತೆ ಅಜ್ಜಿ" ಅಂತ ಹುಡುಗಿ ಕೇಳಿದ್ಲು. "ಅಡುಗೆಮನೇಲಿ" ಅಂದ್ರು.

ನೀವದನ್ನ ಚಪ್ಪಾಳೆ ತಟ್ಟಿ ಮರೆತ್ರಿ. ನಾನು ಮರೀಲಿಲ್ಲ. ಅವತ್ತಿಂದ ನಮ್ಮ ಮನೇಲಿ ಸಂಜೆ ಏಳೂವರೆಯಿಂದ ಎಂಟೂವರೆ ತನಕ ಅಡುಗೆಮನೆ ಬಂದ್. ಒಲೆ ಹಚ್ಚೋ ಹಾಗಿಲ್ಲ. ಏಳಕ್ಕೇ ಊಟ ಮಾಡೋರು ಮಾಡಿ, ಇಲ್ಲ ಅಂದ್ರೆ ಆಮೇಲೆ ಬಡಿಸ್ಕೊಂಡು ತಿನ್ನಿ, ಕೈಕಾಲು ಎಲ್ಲರಿಗೂ ಇದೆ. ಆ ಒಂದು ಗಂಟೆ ರಿಮೋಟು ಅತ್ತೆಯವರದ್ದು, ಕುರ್ಚಿಯೂ ಅವರದ್ದು. ಮೊದಲ ವಾರ ನಮ್ಮನೆಯವರು ಮುಖ ಊದಿಸ್ಕೊಂಡಿದ್ರು. ಓರಗಿತ್ತಿ ಅಕ್ಕ ಫೋನ್ ಮಾಡಿ "ಇದೆಲ್ಲ ನಾಟಕ ಯಾಕೆ, ಅತ್ತೆಗೆ ಈ ವಯಸ್ಸಲ್ಲಿ ಟಿವಿ ಹುಚ್ಚು ಹಿಡಿಸ್ತೀಯಾ" ಅಂದ್ರು, ಇನ್ನೂ ಸರಿಯಾಗಿ ಮಾತಾಡ್ತಿಲ್ಲ. ಮಾತಾಡದಿದ್ರೆ ಬೇಡ ಅಕ್ಕ. ನಿಮ್ಮನೇಲೂ ಒಂದು ಹೊಸ್ತಿಲಿದೆ, ಅಲ್ಲಿ ನೀವೇ ನಿಂತಿರ್ತೀರಿ, ನಾನು ನೋಡಿದ್ದೀನಿ.

ಶನಿವಾರ ನಾದಿನಿ ಮಗಳು ಬಂದಿದ್ಲು. ಅಜ್ಜಿ ಹಾಡಿದ ಆ ಹಾಡನ್ನ ಯೂಟ್ಯೂಬಿನಲ್ಲಿ ಹುಡುಕಿ ಟಿವಿಗೆ ಹಾಕಿದ್ಲು. ಅತ್ತೆಯವರು ಕನ್ನಡಕ ಸರಿ ಮಾಡ್ಕೊಂಡು ಕುರ್ಚಿ ಮುಂದಕ್ಕೆ ಎಳ್ಕೊಂಡ್ರು. ಪಲ್ಲವಿ ಮುಗೀತು, ಒಂದು ಚರಣ ಮುಗೀತು. ಆಮೇಲೆ ನನ್ನ ಕಡೆ ತಿರುಗಿ, "ಅಯ್ಯೋ, ಇವ್ಳು ಜಯಂತಿ ಏನೇ! ಇಷ್ಟು ವರ್ಷ ಕಲ್ಪನಾ ಅಂದ್ಕೊಂಡೇ ಹಾಡ್ಕೊಂಡು ಬಂದೆನಲ್ಲೇ" ಅಂದ್ರು. ಇನ್ನೊಂದ್ಸಲ ಹಾಕು ಅಂದ್ರು.