ಆಫೀಸಿನ ಕಂಪ್ಯೂಟರ್ ಲ್ಯಾಬಿಗೆ ಕಾಣಬಾರದು

ಕಳೆದ ತಿಂಗಳು ಕಂಪ್ಯೂಟರ್ ಪ್ರಾಕ್ಟಿಕಲ್ ತರಗತಿಯಲ್ಲಿ ನನ್ನ ಪ್ರೋಗ್ರಾಂ ಬೇಗ ಮುಗಿಯಿತು. ಮೇಡಂ ಬೇರೆಯವರ ರೆಕಾರ್ಡ್ ನೋಡುತ್ತಿದ್ದರು. ಸುಮ್ಮನೆ ಕೂರಲಾಗದೆ ಪರದೆಯ ಎಡಗಡೆ ಇದ್ದ ‘ನೆಟ್‌ವರ್ಕ್’ ಎಂಬುದರ ಮೇಲೆ ಕ್ಲಿಕ್ ಮಾಡಿದೆ. ಲ್ಯಾಬಿನ ಕಂಪ್ಯೂಟರ್‌ಗಳ ಹೆಸರು ಸಾಲಾಗಿ ಬಂದವು. ಕೊನೆಯಲ್ಲಿ ಆಫೀಸಿನ ಕಂಪ್ಯೂಟರಿನ ಹೆಸರೂ ಇತ್ತು. ಅದನ್ನು ತೆರೆದರೆ ‘ಅಡ್ಮಿಷನ್’ ಎಂಬ ಫೋಲ್ಡರ್, ಅದರೊಳಗೆ ತರಗತಿವಾರು ಫೋಲ್ಡರ್‌ಗಳು, ಅವುಗಳೊಳಗೆ ಒಬ್ಬೊಬ್ಬರ ಹೆಸರು. ನನ್ನ ಹೆಸರಿನಲ್ಲಿ ನನ್ನ ಆಧಾರ್ ಇತ್ತು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ಇತ್ತು, ಅಬ್ಬಾ ಅವರ ಆದಾಯ ಪ್ರಮಾಣಪತ್ರವೂ ಇತ್ತು. ಪಾಸ್‌ವರ್ಡ್ ಕೇಳಲೇ ಇಲ್ಲ.

ಆ ಪ್ರಮಾಣಪತ್ರಕ್ಕಾಗಿ ಅಬ್ಬಾ ಕೆಲಸ ಬಿಟ್ಟು ಮೂರು ಸಲ ನಾಡಕಚೇರಿಗೆ ಅಲೆದಿದ್ದರು. ಅದರಲ್ಲಿರುವ ಅಂಕಿಯನ್ನು ಅವರು ಮನೆಯಲ್ಲಿ ನಮ್ಮ ಮುಂದೆಯೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಲ್ಯಾಬಿನಲ್ಲಿ ಕುಳಿತ ಯಾರಿಗೆ ಬೇಕಾದರೂ ಎರಡು ನಿಮಿಷದಲ್ಲಿ ಸಿಗುತ್ತಿತ್ತು. ನಾನು ಬೇರೆಯವರ ಫೋಲ್ಡರ್ ತೆರೆಯಲಿಲ್ಲ. ಒಳ್ಳೆಯತನ ತೋರಿಸಲು ಇದನ್ನು ಹೇಳುತ್ತಿಲ್ಲ, ನನಗೆ ಭಯವಾಗಿತ್ತು. ಮೇಡಂಗೆ ತೋರಿಸಿದೆ. ಅವರು ಕೂಡಲೇ ಆಫೀಸಿಗೆ ಹೋಗಿ ಹೇಳಿದರು, ಅದೇ ಮಧ್ಯಾಹ್ನ ಆ ಫೋಲ್ಡರಿನ ಶೇರಿಂಗ್ ತೆಗೆದರು. ಅಷ್ಟಕ್ಕೆ ಎಲ್ಲರೂ ಸಮಾಧಾನಪಟ್ಟರು. ನನಗೆ ಸಮಾಧಾನವಾಗಿಲ್ಲ, ಅದಕ್ಕೇ ಈ ಲೇಖನ.

ನನ್ನ ಮಾಮು ಅಂಗಡಿ, ಆಫೀಸುಗಳಿಗೆ ನೆಟ್‌ವರ್ಕ್ ಕೇಬಲ್ ಎಳೆಯುವ ಕೆಲಸ ಮಾಡುತ್ತಾರೆ. ಅವರಿಗೆ ಇದನ್ನು ಹೇಳಿದಾಗ ಮೊದಲು ಕೇಳಿದ್ದು, “ಬೇಟಾ, ನಿಮ್ಮ ಕಾಲೇಜಿನಲ್ಲಿ ಎಲ್ಲ ಯಂತ್ರಗಳ ಐಪಿ ಒಂದೇ ತರಹ ಶುರುವಾಗುತ್ತದಾ?” ಎಂದು. ನೋಡಿ ಬಂದೆ. ಹೌದು. ಲ್ಯಾಬ್, ಆಫೀಸ್, ಲೈಬ್ರರಿ, ಸಿಸಿಟಿವಿ ಪೆಟ್ಟಿಗೆ, ನಮ್ಮ ಮೊಬೈಲ್‌ಗಳು, ಎಲ್ಲವೂ 192.168.1 ಎಂದೇ ಶುರು. ಕೊನೆಯ ಸಂಖ್ಯೆ ಮಾತ್ರ ಬೇರೆ. ಅದು 0ಯಿಂದ 255ರವರೆಗೆ ಇರಬಹುದು. 0 ಇಡೀ ಗುಂಪಿನ ಹೆಸರಿಗೆ ಹೋಯಿತು, 255 ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳಲು ಹೋಯಿತು. ಉಳಿದದ್ದು 254. ಈ ಗುಂಪಿನೊಳಗೆ ಇರುವ ಯಂತ್ರಗಳು ಒಂದರ ಜೊತೆ ಒಂದು ನೇರವಾಗಿ ಮಾತಾಡುತ್ತವೆ, ನಡುವೆ ತಡೆದು ಕೇಳುವವರು ಯಾರೂ ಇಲ್ಲ.

ನಮ್ಮ ಪಠ್ಯದಲ್ಲಿ ಬಸ್, ಸ್ಟಾರ್, ರಿಂಗ್ ಟೋಪಾಲಜಿಯ ಚಿತ್ರ ಬರೆದು ಅಂಕ ತೆಗೆಯುತ್ತೇವೆ. ನಾವು ಕುಳಿತ ಕೋಣೆಯ ನೆಟ್‌ವರ್ಕ್ ಹೇಗಿದೆ ಎಂದು ಒಬ್ಬರೂ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ.

ವಿದ್ಯಾರ್ಥಿವೇತನದ ಅರ್ಜಿಗಳನ್ನು ಕಾಲೇಜಿನಿಂದ ಪರಿಶೀಲಿಸಿ ಕಳಿಸುವ ಕೊನೆಯ ದಿನ ಏನಾಯಿತೆಂದು ನಮ್ಮ ಸೆಕ್ಷನ್ನಿನವರಿಗೆ ನೆನಪಿರಬಹುದು. ಆಫೀಸಿನ ಕಂಪ್ಯೂಟರಿಗೆ ಇಂಟರ್ನೆಟ್ ಬರಲಿಲ್ಲ. ಕಿಟಕಿಯ ಮುಂದೆ ಹದಿನೈದು ಜನ ನಿಂತಿದ್ದರು. ಒಬ್ಬ ಸಹಪಾಠಿ ಅಳುವುದೊಂದು ಬಾಕಿ. ಕ್ಲರ್ಕ್ ಸರ್ ತಮ್ಮ ಸ್ವಂತ ಫೋನಿನ ಹಾಟ್‌ಸ್ಪಾಟ್ ಹಾಕಿ ಸಂಜೆಯವರೆಗೆ ಕುಳಿತು ಎಲ್ಲ ಅರ್ಜಿಗಳನ್ನೂ ಕಳಿಸಿದರು, ಅವರಿಗೆ ಈಗಲಾದರೂ ಧನ್ಯವಾದ ಹೇಳಬೇಕು. ಅವತ್ತು ಪರದೆಯಲ್ಲಿ 169.254 ಎಂದು ಶುರುವಾಗುವ ಐಪಿ ಕಾಣುತ್ತಿತ್ತು. ಮಾಮುಗೆ ಅದನ್ನು ಹೇಳಿದ ಕೂಡಲೇ ಅವರು ನಕ್ಕರು. ರೂಟರ್‌ನಿಂದ ವಿಳಾಸ ಸಿಗದಿದ್ದಾಗ ವಿಂಡೋಸ್ ತಾನೇ ಇಟ್ಟುಕೊಳ್ಳುವ ವಿಳಾಸವಂತೆ ಅದು. ಬಹುಶಃ 254 ವಿಳಾಸಗಳೂ ಖಾಲಿಯಾಗಿದ್ದವು. ತಿಂದವರು ಯಾರು? ನಾವೇ. ವೈಫೈ ಪಾಸ್‌ವರ್ಡ್ ಗುಟ್ಟು ಎನ್ನುತ್ತಾರೆ, ಅದು ಫಸ್ಟ್ ಇಯರ್‌ನವರಿಗೂ ಗೊತ್ತು. ಬೆಳಿಗ್ಗೆ ಗೇಟಿನೊಳಗೆ ಬಂದ ಒಂದೊಂದು ಫೋನೂ ಒಂದೊಂದು ವಿಳಾಸ ಹಿಡಿಯುತ್ತದೆ. ಅನೇಕ ರೂಟರ್‌ಗಳಲ್ಲಿ ಆ ವಿಳಾಸ 24 ಗಂಟೆ ಅದರ ಹೆಸರಿನಲ್ಲೇ ಇರುತ್ತದೆ, ಫೋನು ಮನೆಗೆ ಹೋದರೂ.

ಹಾಗಾದರೆ ಏನು ಮಾಡಬೇಕು? ಒಂದೇ ದೊಡ್ಡ ಗುಂಪನ್ನು ಸಬ್‌ನೆಟ್‌ಗಳಾಗಿ ಒಡೆಯಬೇಕು. ಪುಸ್ತಕದ ಲೆಕ್ಕ ಹೀಗಿದೆ: 255.255.255.192 ಎಂಬ ಮಾಸ್ಕ್ ಹಾಕಿದರೆ 256 ವಿಳಾಸಗಳು 64ರಂತೆ ನಾಲ್ಕು ಭಾಗವಾಗುತ್ತವೆ, ಒಂದೊಂದರಲ್ಲಿ 62 ಯಂತ್ರಗಳಿಗೆ ಜಾಗ. ಲೆಕ್ಕ ನೋಡಲು ಚೆನ್ನಾಗಿದೆ, ಆದರೆ ಮನೆಯವರೆಲ್ಲರಿಗೂ ಒಂದೇ ಅಳತೆಯ ಕುರ್ತಾ ಹೊಲಿಸಿದಂತೆ. ಆಫೀಸಿನಲ್ಲಿ ಆರು ಕಂಪ್ಯೂಟರ್, ನಮ್ಮ ಫೋನುಗಳು ಮುನ್ನೂರಕ್ಕೂ ಹೆಚ್ಚು. ಒಳಗಿನ ನೆಟ್‌ವರ್ಕಿನ ಈ ಖಾಸಗಿ ವಿಳಾಸಗಳಿಗೆ ದುಡ್ಡು ಕೊಡಬೇಕಿಲ್ಲ, ಆದ್ದರಿಂದ ಜಿಪುಣತನ ಬೇಡ. ಆಫೀಸಿಗೆ 192.168.10, ಲ್ಯಾಬಿಗೆ 192.168.20, ಸಿಸಿಟಿವಿಗೆ 192.168.30 ಎಂದು ಒಂದೊಂದು ಪೂರ್ತಿ ಗುಂಪು ಕೊಡಬಹುದು. ಫೋನುಗಳಿಗೆ 510 ವಿಳಾಸ ಸಿಗುವ 23 ಬಿಟ್‌ಗಳ ಗುಂಪು ಕೊಟ್ಟು, ಎರಡು ಗಂಟೆಗೊಮ್ಮೆ ವಿಳಾಸ ವಾಪಸ್ ಬರುವಂತೆ ಮಾಡಬಹುದು.

ಇಲ್ಲಿ ಒಂದು ತಪ್ಪು ತಿಳುವಳಿಕೆ ನನಗೂ ಇತ್ತು. ಸಂಖ್ಯೆ ಬದಲಾಯಿಸಿದರೆ ಗೋಡೆ ಕಟ್ಟಿದಂತೆ ಅಂದುಕೊಂಡಿದ್ದೆ. ಮಾಮು ಒಪ್ಪಲಿಲ್ಲ. ಎಲ್ಲರೂ ಅದೇ ಸ್ವಿಚ್ಚಿನಲ್ಲಿದ್ದರೆ ಯಾರಾದರೂ ತಮ್ಮ ಕಂಪ್ಯೂಟರಿಗೆ ಕೈಯಾರೆ ಆಫೀಸಿನ ಸಂಖ್ಯೆ ಹಾಕಿಕೊಂಡು ಒಳಗೆ ಹೋಗಬಹುದು. ಅದಕ್ಕೆ ಸ್ವಿಚ್ಚಿನಲ್ಲೇ ವಿಲ್ಯಾನ್ ಮಾಡಿ, ಈ ಪೋರ್ಟ್ ಲ್ಯಾಬಿಗೆ, ಈ ಪೋರ್ಟ್ ಆಫೀಸಿಗೆ ಎಂದು ಬೇರ್ಪಡಿಸಬೇಕು. ಗುಂಪುಗಳ ನಡುವೆ ರೂಟರ್‌ನಲ್ಲಿ ನಿಯಮ ಬರೆಯಬೇಕು: ಲ್ಯಾಬ್ ಇಂಟರ್ನೆಟ್ಟಿಗೆ ಹೋಗಬಹುದು, ಆಫೀಸಿಗೆ ಹೋಗಬಾರದು. ಲೈಬ್ರರಿಯ ಪ್ರಿಂಟರ್ ಎಲ್ಲರಿಗೂ ಬೇಕು, ಅದೊಂದಕ್ಕೆ ದಾರಿ ಬಿಡಬೇಕು. ನಮ್ಮ ಮನೆಗೆ ಮೆಹಮಾನ್ ಬಂದರೆ ಮುಂದಿನ ಕೋಣೆಯಲ್ಲಿ ಕೂರಿಸಿ ಚಹಾ ಕೊಡುತ್ತೇವೆ. ಅಮ್ಮಿಯ ಅಲ್ಮೇರಾ ಇರುವ ಕೋಣೆಗೆ ಅವರು ಹೋಗುವುದಿಲ್ಲ, ಅದರಿಂದ ಅವರಿಗೆ ಅವಮಾನವೂ ಆಗುವುದಿಲ್ಲ.

“ಫೋಲ್ಡರಿಗೆ ಪಾಸ್‌ವರ್ಡ್ ಹಾಕಿದರೆ ಸಾಕಲ್ಲ?” ಎಂದು ಕೇಳುವವರಿದ್ದಾರೆ. ಪಾಸ್‌ವರ್ಡ್ ಹಾಕಲೇಬೇಕು, ಆದರೆ ಸಾಲದು. 2017ರ ಮೇ ತಿಂಗಳಲ್ಲಿ ಹರಡಿದ ವಾನ್ನಾಕ್ರೈ ಯಾರ ಪಾಸ್‌ವರ್ಡನ್ನೂ ಕೇಳಲಿಲ್ಲ. ವಿಂಡೋಸ್‌ನಲ್ಲಿ ಫೈಲ್ ಹಂಚಿಕೊಳ್ಳುವ ವ್ಯವಸ್ಥೆಯಲ್ಲೇ ಇದ್ದ ದೋಷ ಹಿಡಿದು ಒಂದು ಯಂತ್ರದಿಂದ ಅದಕ್ಕೆ ಸಿಕ್ಕುವ ಇನ್ನೊಂದು ಯಂತ್ರಕ್ಕೆ ತಾನೇ ಹಾರುತ್ತಿತ್ತು. ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೇ ನಿಂತಿತು. ನಮ್ಮ ಲ್ಯಾಬಿನಲ್ಲಿ ದಿನಕ್ಕೆ ಎಷ್ಟು ಪೆನ್‌ಡ್ರೈವ್ ಒಳಗೆ ಬರುತ್ತವೆ ಎಂದು ಲೆಕ್ಕ ಹಾಕಿ ನೋಡಿ.

ನಮ್ಮ ದೇಶದ ಉದಾಹರಣೆಯೂ ಇದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಐದು ಸರ್ವರ್‌ಗಳಿಗೆ ದಾಳಿಯಾಯಿತು, ಸುಮಾರು 1.3 ಟೆರಾಬೈಟ್ ಮಾಹಿತಿ ತೆರೆಯಲಾಗದಂತೆ ಬೀಗ ಬಿತ್ತು. ಹೊರರೋಗಿಗಳ ಚೀಟಿಯನ್ನು ದಿನಗಟ್ಟಲೆ ಕೈಯಲ್ಲಿ ಬರೆದರು. ನೆಟ್‌ವರ್ಕನ್ನು ಸರಿಯಾಗಿ ವಿಭಾಗಿಸದಿದ್ದುದೇ ಕಾರಣ ಎಂದು ಸರ್ಕಾರವೇ ಸಂಸತ್ತಿನಲ್ಲಿ ಹೇಳಿತು. ಅಷ್ಟು ದೊಡ್ಡ ಸಂಸ್ಥೆಗೇ ಹೀಗಾದರೆ ನಮ್ಮ ಆರು ಕಂಪ್ಯೂಟರಿನ ಆಫೀಸಿನ ಕಥೆ ಏನು?

ಖರ್ಚಿನ ಮಾತು ಬಂದೇ ಬರುತ್ತದೆ, ವಾಣಿಜ್ಯ ವಿದ್ಯಾರ್ಥಿಯಾಗಿ ಅದನ್ನು ಬಿಡಲಾರೆ. ವಿಲ್ಯಾನ್ ಮಾಡಬಲ್ಲ ಎಂಟು ಪೋರ್ಟಿನ ಸ್ವಿಚ್ ಒಂದು ಸಾಧಾರಣ ಮೊಬೈಲಿಗಿಂತ ಅಗ್ಗ. ಲ್ಯಾಬಿಗೆ ಈಗಿರುವ ದೊಡ್ಡ ಸ್ವಿಚ್ಚನ್ನೇ ಉಳಿಸಿಕೊಂಡು ಅದರ ಒಂದು ಕೇಬಲನ್ನು ಇದರ ಒಂದು ಪೋರ್ಟಿಗೆ ಕೊಟ್ಟರಾಯಿತು. ರೂಟರ್ ಮಾತ್ರ ಬದಲಾಯಿಸಬೇಕಾಗಬಹುದು. ಇನ್ನೊಂದು ತಟ್ಟೆಯಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ. ಮಾಹಿತಿ ಇಟ್ಟುಕೊಂಡವರು ಅದನ್ನು ಕಾಪಾಡಲು ತಕ್ಕ ಕ್ರಮ ತೆಗೆದುಕೊಳ್ಳದಿದ್ದರೆ ಅದರಲ್ಲಿ ಹೇಳಿರುವ ದಂಡ 250 ಕೋಟಿ ರೂಪಾಯಿಯವರೆಗೆ. ನಮ್ಮ ಕಾಲೇಜಿಗೆ ಅಷ್ಟು ಬೀಳುತ್ತದೆ ಎಂದು ಹೆದರಿಸುತ್ತಿಲ್ಲ. ಆದರೆ ಆ ಕಾಯ್ದೆಯ ಪ್ರಕಾರ 18 ತುಂಬದವರು ಮಕ್ಕಳು. ಆ ಫೋಲ್ಡರಿನಲ್ಲಿ ಹೆಸರಿರುವವರಲ್ಲಿ ಹೆಚ್ಚಿನವರು ನನ್ನಂತೆ 16, 17ರವರು.

ಕೆಲವು ಗೆಳೆಯರು ಈಗಾಗಲೇ ನನ್ನ ಮೇಲೆ ಸಿಟ್ಟಾಗಿದ್ದಾರೆ, “ನಿನ್ನಿಂದ ವೈಫೈ ಹೋಗುತ್ತೆ ನೋಡು” ಎನ್ನುತ್ತಾರೆ. ವೈಫೈ ತೆಗೆಯಿರಿ ಎಂದು ನಾನೆಲ್ಲೂ ಹೇಳಿಲ್ಲ. ಬೇರೆ ಗುಂಪಿನಲ್ಲಿಟ್ಟರೆ ಅದು ಈಗಿಗಿಂತ ಚೆನ್ನಾಗಿಯೇ ಸಿಗಬಹುದು. ಆಫೀಸಿಗೆ ತೊಂದರೆಯಾದಾಗಲೆಲ್ಲ ಮೊದಲು ಬಂದ್ ಮಾಡುವುದು ನಮ್ಮ ವೈಫೈಯನ್ನೇ ಅಲ್ಲವೇ?

ಪ್ರಾಂಶುಪಾಲರಿಗೆ ಮತ್ತು ಆಡಳಿತ ಮಂಡಳಿಗೆ ನನ್ನ ವಿನಂತಿ ಇಷ್ಟು: ಮುಂದಿನ ಪ್ರವೇಶಾತಿ ಶುರುವಾಗುವ ಮೊದಲು, ಅಂದರೆ ಹೊಸ ಆಧಾರ್ ಪ್ರತಿಗಳು ಆ ಕಂಪ್ಯೂಟರಿಗೆ ಸೇರುವ ಮೊದಲು, ಬೇಸಿಗೆ ರಜೆಯಲ್ಲಿ ಈ ಕೆಲಸ ಮುಗಿಸಿ. ಮಾಮು ಎರಡು ದಿನ ಸಾಕು ಎನ್ನುತ್ತಾರೆ, ಮೊದಲ ದಿನ ಪೂರ್ತಿ ಯಾವ ಕೇಬಲ್ ಎಲ್ಲಿಗೆ ಹೋಗಿದೆ ಎಂದು ಹುಡುಕಿ ಚೀಟಿ ಅಂಟಿಸುವುದಕ್ಕೇ ಬೇಕಂತೆ. ಚೀಟಿ ಬರೆದು ಅಂಟಿಸಲು ನಮ್ಮ ತರಗತಿಯಿಂದ ನಾಲ್ಕು ಜನ ಬರುತ್ತೇವೆ ಎಂದಿದ್ದೇವೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ