ಬೇಟೆಗೆ ಹೋಗುವವನಿಗೆ ಎಂಥ ಆತ್ಮರಕ್ಷಣೆ?

ಹಂದಿ, ಮೊಲ ಹೊಡೆಯಲು ರಾತ್ರಿ ಗುಡ್ಡ ಹತ್ತುವವರು ನಮ್ಮ ಕಡೆ ಇನ್ನೂ ಇದ್ದಾರೆ. ಕೇಳಿದರೆ, ‘ಚಿರತೆ ಎದುರಾದರೆ ಜೀವ ಉಳಿಸ್ಕೋಬೇಡ್ವಾ? ಸೊಂಟದಲ್ಲೊಂದು ಪಿಸ್ತೂಲು ಇದ್ರೆ ಧೈರ್ಯ’ ಅನ್ನುತ್ತಾರೆ. ಈ ಮಾತನ್ನು ನಾವು ಒಪ್ಪುವುದಿಲ್ಲ.

ಚಿರತೆ ಭಯ ಸುಳ್ಳಲ್ಲ. 2024ರ ನವೆಂಬರಿನಲ್ಲಿ ನಮ್ಮದೇ ನೆಲಮಂಗಲ ತಾಲ್ಲೂಕಿನಲ್ಲಿ ಹುಲ್ಲು ತರಲು ಹೋದ ಹೆಣ್ಣುಮಗಳು ಚಿರತೆಗೆ ಬಲಿಯಾದರು. ಆದರೆ ಅವರು ಹೋಗಿದ್ದು ದನದ ಮೇವಿಗೆ. ನೀವು ಹೋಗುವುದು ಬಾಡಿನ ಚಪಲಕ್ಕೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕಾನೂನೂ ಹಾಕುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಂ ಪ್ರಕಾರ, ಜೀವ ಉಳಿಸಿಕೊಳ್ಳಲು ಪ್ರಾಣಿ ಕೊಂದರೆ ಅಪರಾಧವಲ್ಲ. ಆದರೆ ಆ ಹೊತ್ತಿಗೆ ನೀವೇ ಕಾಯ್ದೆ ಮುರಿಯುತ್ತಿದ್ದರೆ ಆ ರಿಯಾಯಿತಿ ಸಿಗದು. ಅನುಮತಿಯಿಲ್ಲದ ಬೇಟೆಯೇ ಅಪರಾಧ. ಚಿರತೆ ಕೊಂದವನಿಗೆ ಕನಿಷ್ಠ 3, ಗರಿಷ್ಠ 7 ವರ್ಷ ಜೈಲು. ಪಿಸ್ತೂಲಿಗೆ ಲೈಸೆನ್ಸ್ ಇಲ್ಲದಿದ್ದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೇಸು ಬೇರೆ. ಇದ್ದರೂ ಅದು ಬೇಟೆಯ ಲೈಸೆನ್ಸ್ ಅಲ್ಲ.

ಇನ್ನು ಧೈರ್ಯದ ಮಾತು. ಭಯಬಿದ್ದವನ ಕೈಯಲ್ಲಿ ಪಿಸ್ತೂಲು, ಸುತ್ತ ಕತ್ತಲು. ಪೊದೆ ಅಲ್ಲಾಡಿದ್ದಕ್ಕೆ ಗುಂಡು ಹಾರಿಸಿದರೆ, ಅಲ್ಲಿರುವುದು ಚಿರತೆಯೋ, ರಾಗಿ ಹೊಲ ಕಾಯಲು ಬಂದ ಪಕ್ಕದೂರಿನ ಅಣ್ಣನೋ? ಹಾರಿದ ಗುಂಡು ವಾಪಸ್ ಬರುವುದಿಲ್ಲ.

ರಕ್ಷಣೆ ಬೇಕಿರುವುದು ಹುಲ್ಲಿಗೆ ಹೋಗುವ ಅಕ್ಕಂದಿರಿಗೆ, ಕುರಿ ಮೇಯಿಸುವವರಿಗೆ. ಚಿರತೆ ಕಂಡ ಕಡೆ ಬೋನು ಇಡಿ, ಹಂದಿ ತಿಂದ ಬೆಳೆಗೆ ಪರಿಹಾರ ಕೊಡಿ ಎಂದು ಅರಣ್ಯ ಇಲಾಖೆಯನ್ನು ಊರೆಲ್ಲ ಸೇರಿ ಕೇಳೋಣ. ಬೇಟೆಗಾರನಿಗೆ ಪಿಸ್ತೂಲು ಬೇಡ. ಜೀವದ ಮೇಲೆ ಅಷ್ಟು ಆಸೆಯಿದ್ದರೆ ರಾತ್ರಿ ಮನೆಯಲ್ಲಿ ಮಲಗಲಿ.